ಹುಟ್ಟುಗುಣ ಸುಟ್ಟರೂ ಹೋಗಲ್ವಾ? ಇಪ್ಪತ್ತು ವರ್ಷದ ನಂತರ ಮತ್ತೆ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’

ಕಳೆದ ಮಳೆಗಾಲದಲ್ಲಿ ತಿಪಟೂರಿಗೆ ಹೋಗಿದ್ದಾಗ ಅಮ್ಮ ಅಟ್ಟದ ಮೇಲಿನ ಟ್ರಂಕ್ ಇಳಿಸಿಕೊಡು ಅಂದರು. ಅವರಿಗೆ ಬೇಕಿದ್ದದ್ದು ಹಳೆಯ ಹಿತ್ತಾಳೆ ಪಾತ್ರೆ. ಅದರ ಅಡಿಯಲ್ಲಿ ನನ್ನ ಇಂಜಿನಿಯರಿಂಗ್ ಕಾಲದ ಪುಸ್ತಕಗಳು ಗೋಣಿದಾರದಲ್ಲಿ ಕಟ್ಟಿಟ್ಟ ಹಾಗೇ ಇದ್ದವು. ದಾರ ಬಿಚ್ಚಿದಾಗ ಮೊದಲು ಕೈಗೆ ಬಂದದ್ದು ಇನ್ನೂರು ಪುಟದ ಒಂದು ನೋಟ್‌ಬುಕ್. ರಟ್ಟಿನ ಮೇಲೆ ನೀಲಿ ಇಂಕಿನಲ್ಲಿ ದೊಡ್ಡದಾಗಿ ‘ಟಾರ್ಮೆಂಟ್’ ಅಂತ ಬರೆದಿತ್ತು.

ಅದು ಯಾವ ವಿಷಯದ ನೋಟ್ಸೂ ಅಲ್ಲ. 2003ರಲ್ಲಿ ದಾವಣಗೆರೆಯ ಹಾಸ್ಟೆಲ್‌ನಲ್ಲಿ ಒಂದು ಕಂಪ್ಯೂಟರ್ ಗೇಮ್ ಆಡುತ್ತಾ ನಾನು ಬರೆದಿಟ್ಟುಕೊಂಡ ಪುಸ್ತಕ. ಅರ್ಥವಾಗದ ಇಂಗ್ಲಿಷ್ ಪದಗಳು, ಯಾರ ಹತ್ತಿರ ಏನು ಕೇಳಬೇಕು, ಯಾವ ಬಾಗಿಲು ಎಲ್ಲಿಗೆ ಹೋಗುತ್ತದೆ, ಎಲ್ಲಾ ಅದರಲ್ಲಿದೆ. ನೋಟ್‌ಬುಕ್ಕನ್ನು ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿಗೆ ಬಂದೆ. ಅದೇ ವಾರ ಆ ಗೇಮನ್ನು ಮತ್ತೆ ಕೊಂಡೆ. ಮಕ್ಕಳು ಮಲಗಿದ ಮೇಲೆ ದಿನಕ್ಕೆ ಒಂದೋ ಒಂದೂವರೆಯೋ ಗಂಟೆ. ಮುಗಿಸಲು ಮೂರು ತಿಂಗಳು ಹಿಡಿಯಿತು.

ಆಫೀಸಿನಲ್ಲಿ ಈ ವಿಷಯ ಬಂದಾಗ ಕಿರಿಯ ಸಹೋದ್ಯೋಗಿ ಒಬ್ಬಳು ಕೇಳಿದಳು. “ಸರ್, ಈಗಲೂ ಆಡೋ ಹಾಗಿದೆಯಾ ಅದು? ಅಥವಾ ನಿಮಗೆ ಹಳೇ ನೆನಪು ಅಂತ ಇಷ್ಟಾನಾ?” ಒಳ್ಳೆಯ ಪ್ರಶ್ನೆ. ಅವಳಿಗೆ ಅವತ್ತು ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೇಮ್ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳುತ್ತೇನೆ. ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ ಬಂದದ್ದು 1999ರ ಡಿಸೆಂಬರ್‌ನಲ್ಲಿ. ಮಾಡಿದ್ದು ಅಮೆರಿಕದ ಬ್ಲ್ಯಾಕ್ ಐಲ್ ಸ್ಟುಡಿಯೋಸ್, ಹೊರತಂದದ್ದು ಇಂಟರ್‌ಪ್ಲೇ. ಮುಖ್ಯ ವಿನ್ಯಾಸಕಾರ ಕ್ರಿಸ್ ಅವೆಲೋನ್. ಅದರ ಹಿಂದಿನ ವರ್ಷ ಬಂದು ಹೆಸರು ಮಾಡಿದ್ದ ‘ಬಾಲ್ಡರ್ಸ್ ಗೇಟ್’ ಗೇಮ್‌ಗೆ ಬಯೋವೇರ್ ಕಂಪನಿ ಮಾಡಿದ್ದ ಇಂಜಿನ್ನನ್ನೇ, ಅಂದರೆ ಗೇಮ್ ಓಡಿಸುವ ತಂತ್ರಾಂಶವನ್ನೇ, ಇದಕ್ಕೂ ಬಳಸಿದರು. ಕತೆ ನಡೆಯುವ ಲೋಕ ಮಾತ್ರ ಬೇರೆ. ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕೆ ಡೇವಿಡ್ ಕುಕ್ ಅನ್ನುವವರು 1994ರಲ್ಲಿ ಕಟ್ಟಿಕೊಟ್ಟ ಲೋಕ ಅದು. ಅಲ್ಲಿ ಸಿಜಿಲ್ ಅಂತ ಒಂದು ಊರಿದೆ. ಬಳೆಯ ಹಾಗೆ ದುಂಡಗೆ ಬಾಗಿದ ಊರು. ತಲೆ ಎತ್ತಿ ನೋಡಿದರೆ ಆಕಾಶ ಕಾಣುವುದಿಲ್ಲ, ಊರಿನ ಇನ್ನೊಂದು ಭಾಗ ಕಾಣುತ್ತದೆ. ಅದನ್ನು ಬಾಗಿಲುಗಳ ಊರು ಅಂತಲೂ ಕರೆಯುತ್ತಾರೆ. ಅಲ್ಲಿ ಯಾವ ಕಮಾನು, ಯಾವ ಕಿಟಕಿ ಬೇಕಾದರೂ ಬೇರೆ ಲೋಕಕ್ಕೆ ತೆರೆಯುವ ಬಾಗಿಲಾಗಿರಬಹುದು. ಕೀಲಿ ಒಂದು ಎಲುಬಿನ ಚೂರೂ ಆಗಿರಬಹುದು, ಮನಸ್ಸಿನಲ್ಲಿ ಹಾದುಹೋದ ಒಂದು ಯೋಚನೆಯೂ ಆಗಿರಬಹುದು.

ಈ ಊರಿನ ಕೊಳೆಗೇರಿಯಲ್ಲಿ ಇಂಗ್ರೆಸ್ ಅಂತ ಒಬ್ಬಳು ಸಿಗುತ್ತಾಳೆ. ತಿಳಿಯದೆ ಒಂದು ಬಾಗಿಲು ದಾಟಿ ಬಂದುಬಿಟ್ಟವಳು. ಮತ್ತೆ ಮನೆಗೆ ಹೋಗುವ ದಾರಿ ಗೊತ್ತಿಲ್ಲ. ವರ್ಷಗಟ್ಟಲೆ ಯಾವ ಹೊಸ್ತಿಲನ್ನೂ ದಾಟಲು ಧೈರ್ಯ ಮಾಡದೆ ಬೀದಿಯಲ್ಲೇ ಇದ್ದಾಳೆ. ಕತೆಗೆ ಅವಳು ಬೇಕೇಬೇಕು ಅಂತೇನಿಲ್ಲ. ಮಾತಾಡಿಸದೆ ಮುಂದೆ ಹೋದರೂ ಆಟ ನಿಲ್ಲುವುದಿಲ್ಲ. ಆದರೆ ಆ ಊರು ಎಂಥದ್ದು ಅಂತ ನನಗೆ ಗೊತ್ತಾದದ್ದು ಅವಳ ಹೆದರಿಕೆಯಿಂದ. ಊರಿನ ವರ್ಣನೆ ಪುಟಗಟ್ಟಲೆ ಓದಿದ್ದರೂ ಅಷ್ಟು ಗೊತ್ತಾಗುತ್ತಿರಲಿಲ್ಲ.

ಆಟ ಶುರುವಾಗುವುದು ಹೆಣದ ಮನೆಯಲ್ಲಿ. ಕಲ್ಲಿನ ಮೇಜಿನ ಮೇಲೆ ನೀವು ಕಣ್ಣು ಬಿಡುತ್ತೀರಿ. ಮೈತುಂಬಾ ಗಾಯದ ಕಲೆ, ಹಚ್ಚೆ. ನಿಮ್ಮ ಹೆಸರು ನಿಮಗೇ ಗೊತ್ತಿಲ್ಲ. ಹಾರಾಡುವ ಒಂದು ತಲೆಬುರುಡೆ ಬಂದು ಮಾತಾಡಿಸುತ್ತದೆ. ಅದರ ಹೆಸರು ಮಾರ್ಟ್. ನಿಮ್ಮ ಬೆನ್ನ ಮೇಲೆ ಏನೋ ಬರೆದಿದೆ ಅಂತ ಅದೇ ಓದಿ ಹೇಳುತ್ತದೆ. ಬರೆದಿರುವುದು ನಿಮಗೇ, ಬರೆಸಿರುವವರೂ ನೀವೇ. ದಿನಚರಿ ಕಳೆದುಕೊಂಡಿದ್ದರೆ ಫ್ಯಾರೋಡ್ ಅನ್ನುವವನನ್ನು ಹುಡುಕು ಅಂತ ಅದರ ಸಾರಾಂಶ. ದಿನಚರಿ ಇಲ್ಲ. ಫ್ಯಾರೋಡ್ ಯಾರು ಗೊತ್ತಿಲ್ಲ. ಅಲ್ಲಿಂದ ನಡೆಯಬೇಕು.

ನಿಧಾನವಾಗಿ ತಿಳಿಯುವುದು ಇಷ್ಟು. ನಿಮಗೆ ಸಾವಿಲ್ಲ. ಸತ್ತರೂ ಮತ್ತೆ ಏಳುತ್ತೀರಿ. ಆದರೆ ಹಿಂದೆಲ್ಲಾ ಸತ್ತು ಎದ್ದಾಗ ನೆನಪು ಅಳಿಸಿಹೋಗಿದೆ, ಇನ್ನೊಬ್ಬ ಮನುಷ್ಯನಾಗಿ ಬದುಕಿದ್ದೀರಿ. ನಮ್ಮವರಿಗೆ ತಕ್ಷಣ ಪುನರ್ಜನ್ಮ, ಕರ್ಮ ಅಂತ ಹೊಳೆಯುತ್ತದೆ. ನನಗೂ ಹಾಗೇ ಹೊಳೆದಿತ್ತು. ಅದು ಪೂರ್ತಿ ಸರಿಯಲ್ಲ. ಇಲ್ಲಿ ದೇಹ ಅದೇ, ಮುಖ ಅದೇ. ನೀವು ಮರೆತಿದ್ದೀರಿ, ಊರು ಮರೆತಿಲ್ಲ. ಬೀದಿಯಲ್ಲಿ ಯಾರೋ ನಿಮ್ಮನ್ನು ನೋಡಿ ಹೆದರಿ ಸರಿದುಹೋಗುತ್ತಾರೆ. ಯಾರೋ ಅಳುತ್ತಾರೆ. ಯಾಕೆ ಅಂತ ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ.

ಅಲ್ಲೊಂದು ಕಡೆ ನಿಮಗೆ ಕತ್ತರಿಸಿದ ಕೈಯೊಂದು ಸಿಗುತ್ತದೆ. ಫೆಲ್ ಅಂತ ಒಬ್ಬ ಹಚ್ಚೆ ಹಾಕುವವನಿದ್ದಾನೆ. ಅವನ ಜನ ಬಾಯಲ್ಲಿ ಮಾತಾಡುವುದಿಲ್ಲ, ತಲೆಯ ಮೇಲೆ ಮೂಡುವ ಚಿತ್ರಗಳಲ್ಲಿ ಮಾತಾಡುತ್ತಾರೆ. ಆ ಕೈಯನ್ನು ಅವನ ಹತ್ತಿರ ತೆಗೆದುಕೊಂಡು ಹೋದರೆ ಅದರ ಮೇಲಿನ ಹಚ್ಚೆ ಏನು ಹೇಳುತ್ತದೆ ಅಂತ ಗೊತ್ತಾಗುತ್ತದೆ. ಕೈ ನಿಮ್ಮದೇ. ಹಿಂದಿನ ಒಬ್ಬ ‘ನೀವು’ ಕಳೆದುಕೊಂಡದ್ದು. ಬೇರೆ ಆಟಗಳಲ್ಲಿ ಇಂಥ ಕಡೆ ಒಂದು ಕತ್ತಿಯೋ ಗುರಾಣಿಯೋ ಸಿಗುತ್ತಿತ್ತು.

ಇನ್ನು ಕುಂದುಗಳ ಮಾತು. ಅವು ಇವೆ, ಮುಚ್ಚಿಡುವುದಿಲ್ಲ.

ಹೊಡೆದಾಟ ಚೆನ್ನಾಗಿಲ್ಲ. 1999ರಲ್ಲೂ ಚೆನ್ನಾಗಿರಲಿಲ್ಲ. ಮೌಸ್ ಒತ್ತಿ ಸುಮ್ನೆ ನೋಡುತ್ತಾ ಕೂರಬೇಕು. ಜೊತೆಗಾರರು ದಾರಿಯಲ್ಲಿ ಒಬ್ಬರಿಗೊಬ್ಬರು ಅಡ್ಡ ನಿಂತು ಸಿಕ್ಕಿಹಾಕಿಕೊಳ್ಳುತ್ತಾರೆ. ದೊಡ್ಡ ಮಂತ್ರ ಹಾಕಿದರೆ ಸಿನಿಮಾ ತುಣುಕಿನ ಹಾಗೆ ದೃಶ್ಯ ಓಡುತ್ತದೆ. ಮೊದಲ ಸಲ ಬೆರಗು, ಐದನೇ ಸಲ ಬೇಜಾರು. ನಿಯಮಗಳೂ ಹಳೆಯ ಕಾಲದವು. ರಕ್ಷಣೆಯ ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು ಅನ್ನುವ ತಲೆಕೆಳಗಾದ ಲೆಕ್ಕ ಅಲ್ಲಿದೆ. ಅದನ್ನು ಆಟ ನಿಮಗೆ ಬಿಡಿಸಿ ಹೇಳುವುದೂ ಇಲ್ಲ.

ಅದಕ್ಕಿಂತ ದೊಡ್ಡ ಕುಂದು ಕೊನೆಯ ಮೂರನೇ ಒಂದು ಭಾಗದ್ದು. ಸಿಜಿಲ್ ಬಿಟ್ಟು ಹೊರಟ ಮೇಲೆ, ಕರ್ಸ್ಟ್ ಅನ್ನುವ ಊರಿನಿಂದ ಮುಂದೆ, ಮಾತು ಕಡಿಮೆಯಾಗಿ ಬಡಿದಾಟ ಜಾಸ್ತಿಯಾಗುತ್ತದೆ. ಅವಸರದಲ್ಲಿ ಮುಗಿಸಿದ ಹಾಗೆ ಕಾಣುತ್ತದೆ. ಕೊನೆಯ ಅಧ್ಯಾಯ ಬಂದಾಗ ಮತ್ತೆ ಉಸಿರು ಬರುತ್ತದೆ ನಿಜ. ಆದರೆ ಅಲ್ಲಿಗೆ ತಲುಪುವ ಮೊದಲೇ ಬಿಟ್ಟುಬಿಟ್ಟವರನ್ನು ನಾನು ಬಲ್ಲೆ. ಅವರ ತಪ್ಪು ಅಂತ ಹೇಳಲಾರೆ.

ಹೆಣ್ಣು ಪಾತ್ರಗಳ ಚಿತ್ರಣವೂ ಈ ಸಲ ಕಣ್ಣಿಗೆ ಚುಚ್ಚಿತು. ಬರಹದಲ್ಲಿ ಅವರು ಗಟ್ಟಿಗಿತ್ತಿಯರು. ಫಾಲ್-ಫ್ರಮ್-ಗ್ರೇಸ್ ಅನ್ನುವವಳು ಮೋಹಿನಿ ಕುಲದವಳು, ಆದರೆ ಮೈ ಮಾರುವ ಮನೆಯ ಬದಲು ಮಾತಿನ ಮನೆ ನಡೆಸುತ್ತಾಳೆ. ಅಲ್ಲಿಗೆ ಬಂದವರ ಜೊತೆ ಹೆಂಗಸರು ಹರಟುತ್ತಾರೆ, ವಾದ ಮಾಡುತ್ತಾರೆ, ಅಷ್ಟೇ. ಎಂಥಾ ಚೆಂದದ ಕಲ್ಪನೆ! ಆದರೆ ಚಿತ್ರದಲ್ಲಿ ಎಲ್ಲರಿಗೂ ಅರೆಬಟ್ಟೆ. ಇಪ್ಪತ್ತು ವರ್ಷದ ಹುಡುಗನಾಗಿದ್ದಾಗ ನನಗೆ ಇದು ಕಂಡಿರಲಿಲ್ಲ. ಈಗ ಹನ್ನೊಂದು ವರ್ಷದ ಮಗಳು ಪಕ್ಕ ಬಂದು ನಿಂತಾಗ ಕಂಡಿತು.

ಇಷ್ಟೆಲ್ಲಾ ಇದ್ದೂ ಆಡಿ ಅಂತ ಯಾಕೆ ಹೇಳುತ್ತೇನೆ?

ಯಾಕೆಂದರೆ ಈ ಆಟದಲ್ಲಿ ಓದುವುದೇ ಆಡುವುದು. ಇದರಲ್ಲಿ ಸುಮಾರು 8 ಲಕ್ಷ ಪದಗಳಿವೆ ಅಂತ ಹೇಳುತ್ತಾರೆ. ಹಲವು ದಪ್ಪ ಕಾದಂಬರಿಗಳಷ್ಟಾಯಿತು. ಆದರೆ ಕಾದಂಬರಿಯಲ್ಲಿ ಮಾಡಲಾಗದ ಒಂದು ಕೆಲಸ ಇಲ್ಲಿದೆ. ಒಬ್ಬಳು ನಿಮ್ಮನ್ನು ಏನೋ ಕೇಳುತ್ತಾಳೆ ಅಂತ ಇಟ್ಟುಕೊಳ್ಳಿ. ಉತ್ತರಗಳ ಪಟ್ಟಿ ಕೆಳಗೆ ಬರುತ್ತದೆ. ಅದರಲ್ಲಿ ಒಂದೇ ವಾಕ್ಯ ಎರಡು ಸಲ ಇರುತ್ತದೆ. ಒಂದರ ಮುಂದೆ ‘ನಿಜ’ ಅಂತಿದೆ, ಇನ್ನೊಂದರ ಮುಂದೆ ‘ಸುಳ್ಳು’ ಅಂತಿದೆ. ಬಾಯಲ್ಲಿ ಬರುವ ಮಾತು ಎರಡರಲ್ಲೂ ಒಂದೇ. ಎದುರಿಗಿದ್ದವಳಿಗೆ ವ್ಯತ್ಯಾಸ ಗೊತ್ತಾಗದಿರಬಹುದು. ನಿಮಗೆ ಗೊತ್ತು, ಆಟಕ್ಕೂ ಗೊತ್ತು. ಶುರುವಿನಲ್ಲಿ ನಿಮ್ಮ ಪಾತ್ರ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಇಂಥ ಸಣ್ಣ ಸಣ್ಣ ಒತ್ತುಗಳಿಂದ ಅದು ಒಂದು ಕಡೆಗೆ ವಾಲುತ್ತಾ ಹೋಗುತ್ತದೆ.

ಮೊದಲ ಸಲ ಆ ಪಟ್ಟಿ ಕಂಡಾಗ ನಾನು ಮೌಸ್ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ಕೂತಿದ್ದೆ ಅಂತ ಚೆನ್ನಾಗಿ ನೆನಪಿದೆ. ಮಾತು ಕೊಡುವುದು ಬೇರೆ, ಮಾತು ಉಳಿಸಿಕೊಳ್ಳುವ ಮನಸ್ಸಿನಿಂದ ಕೊಡುವುದು ಬೇರೆ. ಮನೆಯಲ್ಲಿ ದೊಡ್ಡವರು ಎಷ್ಟೋ ಸಲ ಹೇಳಿದ್ದ ಮಾತು. ಕಂಪ್ಯೂಟರ್ ಪರದೆಯ ಮೇಲೆ ಎರಡು ಸಾಲಾಗಿ ಬಂದು ನಿಂತಾಗಲೇ ಅದು ಒಳಗೆ ಇಳಿದದ್ದು.

ಮಾತಿಗೆ ಎಂಥಾ ತೂಕ ಕೊಟ್ಟಿದ್ದಾರೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. ನಿಮಗೆ ಹೆಸರಿಲ್ಲ ಅಲ್ವಾ? ಯಾರಾದರೂ ಕೇಳಿದಾಗ ‘ಅಡಾನ್’ ಅಂತ ಒಂದು ಸುಳ್ಳು ಹೆಸರು ಹೇಳಬಹುದು. ಅದನ್ನೇ ಮತ್ತೆ ಮತ್ತೆ ಹಲವರಿಗೆ ಹೇಳುತ್ತಾ ಹೋದರೆ, ಆ ಹೆಸರಿನ ಒಬ್ಬ ಮನುಷ್ಯ ನಿಜವಾಗಿಯೂ ಊರಿನಲ್ಲಿ ಹುಟ್ಟಿಕೊಳ್ಳುತ್ತಾನೆ. ನಂಬಿಕೆಯಿಂದಲೇ ಕಟ್ಟಿದ ಲೋಕ ಅದು. ಸಾಕಷ್ಟು ಜನ ನಂಬಿದರೆ ಇಲ್ಲದ್ದು ಇರುವಂತಾಗುತ್ತದೆ.

ಈಗ ಆ ನೋಟ್‌ಬುಕ್‌ಗೆ ಬರುತ್ತೇನೆ.

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಇಂಗ್ಲಿಷ್ ಪಾಠಪುಸ್ತಕ ಹೇಗೋ ಬಾಯಿಪಾಠ ಮಾಡಿ ಪಾಸಾದವನು. ಅಂಥವನಿಗೆ ಈ ಗೇಮಿನ ಇಂಗ್ಲಿಷ್ ಅಂದರೆ ಕಬ್ಬಿಣದ ಕಡಲೆ. ಅದೂ ಸಾದಾ ಇಂಗ್ಲಿಷ್ ಅಲ್ಲ. ಸಿಜಿಲ್‌ನ ಜನಕ್ಕೆ ಅವರದೇ ಬೀದಿಮಾತಿದೆ, ಇಂಗ್ಲೆಂಡಿನ ಹಳೇ ಕಾಲದ ಕಳ್ಳರ ಮಾತಿನಿಂದ ತೆಗೆದದ್ದು. ದುಡ್ಡಿಗೆ ‘ಜಿಂಕ್’ ಅನ್ನುತ್ತಾರೆ. ಪೆದ್ದನಿಗೆ ‘ಬರ್ಕ್’. ಯಾರನ್ನಾದರೂ ಮುಗಿಸಿದರೆ ‘ಡೆಡ್-ಬುಕ್’ಗೆ ಹಾಕಿದರು ಅನ್ನುತ್ತಾರೆ. ಡಿಕ್ಷನರಿಯಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ.

ಈ ಗೇಮ್ ಬಗ್ಗೆ ಇಷ್ಟು ವರ್ಷ ನಾನು ಹೇಳುತ್ತಾ ಬಂದ ಕತೆ ಒಂದಿದೆ. “ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಬ್ಬನೇ ಮುಗಿಸಿದೆ. ನಾನು ಇಂಗ್ಲಿಷ್ ಕಲಿತದ್ದೇ ಆ ಗೇಮಿನಿಂದ.” ಗೆಳೆಯರಿಗೆ ಹೇಳಿದ್ದೇನೆ. ಹೆಂಡತಿಗೆ ಹೇಳಿದ್ದೇನೆ. ಮೊದಲ ಕೆಲಸದ ಇಂಟರ್‌ವ್ಯೂನಲ್ಲಿ ಕೂಡ ಹೇಳಿದ್ದೆ, ಕೇಳಿದವರು ಮೆಚ್ಚಿಕೊಂಡಿದ್ದರು. ಸುಳ್ಳು ಅಂತ ಗೊತ್ತಿದ್ದೇ ಹೇಳಿದ್ದಲ್ಲ. ನಾನು ಅದನ್ನೇ ನಂಬಿದ್ದೆ.

ನೋಟ್‌ಬುಕ್ ತೆರೆದು ನೋಡಿದರೆ, ಅದರಲ್ಲಿ ಅರ್ಧ ಅಕ್ಷರ ನನ್ನದಲ್ಲ.

ನನ್ನ ಅಕ್ಷರ ನೆಟ್ಟಗೆ ನಿಲ್ಲುತ್ತದೆ. ಅದರಲ್ಲಿರುವ ಇನ್ನೊಂದು ಕೈ ಎಡಕ್ಕೆ ವಾಲುತ್ತದೆ, ಎಡಗೈಯಲ್ಲಿ ಬರೆದದ್ದು. ನನ್ನ ರೂಮ್‌ಮೇಟ್‌ನದು. ಕಂಪ್ಯೂಟರ್ ಕೂಡ ಅವನದೇ ಆಗಿತ್ತು. ಅವನ ಅಪ್ಪ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಜೋಡಿಸಿಕೊಟ್ಟದ್ದು. ಗೇಮಿನ ನಾಲ್ಕು ಸಿಡಿಗಳೂ ಅವನವೇ. ಅವನು ಮಂಗಳೂರಿನ ಕಡೆ ಕಾನ್ವೆಂಟಿನಲ್ಲಿ ಓದಿದವನು. ಪರದೆಯ ಮೇಲೆ ಬಂದದ್ದನ್ನು ಜೋರಾಗಿ ಓದುತ್ತಿದ್ದ, ನಿಲ್ಲಿಸಿ ಅರ್ಥ ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ನನಗೆ ತಿಳಿಯದಿದ್ದಾಗ ನೋಟ್‌ಬುಕ್ ಕಿತ್ತುಕೊಂಡು ತಾನೇ ಬರೆಯುತ್ತಿದ್ದ. ಪುಟ ತಿರುಗಿಸುತ್ತಾ ಹೋದ ಹಾಗೆ ಇದೆಲ್ಲಾ ವಾಪಸ್ ಬಂತು. ಅವನು ಓದುವಾಗ ಮಾರ್ಟ್‌ಗೆ ಕೀರಲು ದನಿ ಮಾಡುತ್ತಿದ್ದದ್ದು, ರಾತ್ರಿ ಲೈಟ್ ಆರಿಸಿ ಅಂತ ವಾರ್ಡನ್ ಬಂದಾಗ ಮಾನಿಟರ್ ಮೇಲೆ ಬೆಡ್‌ಶೀಟ್ ಹೊದಿಸುತ್ತಿದ್ದದ್ದು. ಇಪ್ಪತ್ತು ವರ್ಷ ಇದ್ಯಾವುದೂ ನನ್ನ ಕತೆಯಲ್ಲಿ ಇರಲೇ ಇಲ್ಲ. ಅವನ ಜೊತೆ ಜಗಳ ಆಡಿರಲಿಲ್ಲ. ಕೆಲಸ ಸಿಕ್ಕಿತು, ಬೆಂಗಳೂರಿಗೆ ಬಂದೆ, ಫೋನ್ ನಂಬರ್ ಬದಲಾಯಿತು. ಅವನನ್ನು ಬಿಟ್ಟುಬಿಟ್ಟೆ, ಅಷ್ಟೇ.

ಆ ಪುಸ್ತಕದಲ್ಲಿ ನಾನು ಮತ್ತೆ ಮತ್ತೆ ತೆರೆಯುವ ಪುಟ ಒಂದಿದೆ.

ಗೇಮಿನ ನಡುವೆ ರಾವೆಲ್ ಅನ್ನುವ ಮಾಟಗಾತಿ ಸಿಗುತ್ತಾಳೆ. ಮುಳ್ಳುಬಳ್ಳಿಯ ಚಕ್ರವ್ಯೂಹದಲ್ಲಿ ಸೆರೆಯಾಗಿರುವ ಮುದುಕಿ. ಬಂದವರಿಗೆಲ್ಲಾ ಅವಳು ಒಂದೇ ಪ್ರಶ್ನೆ ಕೇಳುತ್ತಾಳೆ. ಇಡೀ ಗೇಮ್ ಆ ಪ್ರಶ್ನೆಯ ಮೇಲೆ ನಿಂತಿದೆ. ಅದರಲ್ಲಿ ‘ನೇಚರ್’ ಅನ್ನುವ ಪದ ಬರುತ್ತದೆ. ನಾನು ಡಿಕ್ಷನರಿ ನೋಡಿ ‘ನೇಚರ್ = ಪ್ರಕೃತಿ, ನಿಸರ್ಗ’ ಅಂತ ಬರೆದುಕೊಂಡಿದ್ದೇನೆ. ಮನುಷ್ಯನ ನಿಸರ್ಗ ಅಂದರೇನು? ಗಿಡಮರದ ವಿಷಯವಾ? ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆಯೂ ಇದೆ. ಆ ಸಾಲನ್ನು ಯಾರೋ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದಾರೆ. ಪಕ್ಕದಲ್ಲಿ, ಎಡಕ್ಕೆ ವಾಲಿದ ಅಕ್ಷರದಲ್ಲಿ, ಒಂದೇ ಪದ: ‘ಹುಟ್ಟುಗುಣ’.

ಮನುಷ್ಯನ ಹುಟ್ಟುಗುಣವನ್ನು ಬದಲಿಸಬಲ್ಲದ್ದು ಯಾವುದು?

ಅದನ್ನು ಕೇಳಿದ ತಕ್ಷಣ ಅವತ್ತು ನನ್ನ ಬಾಯಿಗೆ ಬಂದದ್ದು ಅಜ್ಜಿಯ ಮಾತು. ಹುಟ್ಟುಗುಣ ಸುಟ್ಟರೂ ಹೋಗಲ್ಲ. ನಮ್ಮ ಮನೆಯಲ್ಲಿ ದಿನಕ್ಕೆ ಒಮ್ಮೆಯಾದರೂ ಕೇಳುತ್ತಿದ್ದ ಗಾದೆ. ಕುಡಿಯುವ ಚಿಕ್ಕಪ್ಪನಿಗೂ ಅದೇ, ಬೆಲ್ಲ ಕದಿಯುವ ನನಗೂ ಅದೇ. ಅಮೆರಿಕದಲ್ಲಿ ಕೂತು ಬರೆದ ಯಾರೋ ನಮ್ಮಜ್ಜಿಯ ಗಾದೆಯನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳಿದ ಹಾಗಾಯಿತು. ಹೋಗಲ್ಲ ಅಂತೀಯಲ್ಲ, ನಿಜವಾಗಿಯೂ ಹೋಗಲ್ವಾ? ಅದೂ ಸುಡಲಾಗದ, ಸಾಯಲಾಗದ ಒಬ್ಬ ಮನುಷ್ಯನ ಮುಂದೆ ನಿಂತು.

(ಇಲ್ಲಿಂದ ಮುಂದೆ ಕತೆಯ ಒಂದೆರಡು ಗುಟ್ಟು ಬರುತ್ತವೆ. ಪೂರ್ತಿ ಹೊಸದಾಗಿ ಆಡಬೇಕು ಅನ್ನುವವರು ಕೊನೆಯ ಮೂರು ಪ್ಯಾರಾಗೆ ಹೋಗಿ.)

ಹೆಣದ ಮನೆಯಲ್ಲಿ, ಆಟದ ಮೊದಲ ಗಂಟೆಯಲ್ಲೇ, ಡಿಯೊನಾರಾ ಅನ್ನುವ ಹೆಣ್ಣಿನ ಪ್ರೇತ ಸಿಗುತ್ತದೆ. ಅವಳು ನಿಮ್ಮನ್ನು ಪ್ರೀತಿಸಿದವಳು. ನಿಮಗೆ ಅವಳ ನೆನಪಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಬಹುದು, ನೆನಪಿದೆ ಅಂತ ಸುಳ್ಳೂ ಹೇಳಬಹುದು. ನೋಟ್‌ಬುಕ್‌ನ ನಾಲ್ಕನೇ ಪುಟದಲ್ಲಿ ನಾನು ಬರೆದಿರುವುದು ಹೀಗೆ: ‘ದೆವ್ವದ ಹತ್ತಿರ ಸುಳ್ಳು ಹೇಳು. ಮುಂದೆ ಕೆಲಸಕ್ಕೆ ಬರುತ್ತೆ.’ ಇದು ನನ್ನದೇ ಅಕ್ಷರ. ನೆಟ್ಟಗಿದೆ.

ತುಂಬಾ ಹೊತ್ತಿನ ಮೇಲೆ ಊರಿನ ಇನ್ನೊಂದು ಭಾಗಕ್ಕೆ ಹೋಗುತ್ತೀರಿ. ಅನುಭವಗಳನ್ನು ಕೂಡಿಡುವ ಒಂದು ಪಂಥ ಅಲ್ಲಿದೆ. ಅವರ ಹತ್ತಿರ ಕಲ್ಲುಗಳಿವೆ. ಒಂದೊಂದು ಕಲ್ಲಿನಲ್ಲಿ ಒಬ್ಬೊಬ್ಬರ ಬದುಕಿನ ಒಂದು ಗಳಿಗೆ ತುಂಬಿಟ್ಟಿದೆ. ಮುಟ್ಟಿದರೆ ಅವರು ಅನುಭವಿಸಿದ್ದೆಲ್ಲಾ ನಿಮಗೂ ಆಗುತ್ತದೆ. ಅದರಲ್ಲಿ ಒಂದು ಡಿಯೊನಾರಾ ಬಿಟ್ಟುಹೋದದ್ದು. ಮುಟ್ಟಿದರೆ ನೀವು ಅವಳಾಗುತ್ತೀರಿ. ಬಾಗಿಲಲ್ಲಿ ಅವನು ಬರುತ್ತಾನೆ, ಅಂದರೆ ನೀವೇ, ಹಿಂದಿನ ನೀವು. ಅವನನ್ನು ಕಂಡು ಅವಳ ಎದೆ ತುಂಬಿ ಬರುವುದು ನಿಮಗೆ ಗೊತ್ತಾಗುತ್ತದೆ. ಅದೇ ಹೊತ್ತಿಗೆ ನಿಮ್ಮೊಳಗೆ ಹೂತುಹೋಗಿದ್ದ ಅವನ ನೆನಪೂ ಏಳುತ್ತದೆ. ಅವನ ಮನಸ್ಸಿನಲ್ಲಿ ಪ್ರೀತಿಯ ಹನಿಯೂ ಇಲ್ಲ. ಇವಳು ಮುಂದೆ ಹೇಗೆ ಕೆಲಸಕ್ಕೆ ಬರುತ್ತಾಳೆ ಅನ್ನುವ ಲೆಕ್ಕ ಮಾತ್ರ. ಎರಡೂ ಒಟ್ಟಿಗೆ, ಒಂದೇ ಮೈಯಲ್ಲಿ. ಓದುತ್ತಾ ಓದುತ್ತಾ ಕೈ ತಣ್ಣಗಾಗುತ್ತದೆ. ಪರದೆಯ ಮೇಲೆ ಇರುವುದು ಬರೀ ಅಕ್ಷರ. ಚಲಿಸುವ ಚಿತ್ರ ಕೂಡ ಇಲ್ಲ.

2003ರಲ್ಲಿ ಈ ದೃಶ್ಯ ನನಗೆ ತಟ್ಟಿತ್ತು. ಅಯ್ಯೋ ಪಾಪ ಅನ್ನಿಸಿತ್ತು, ಆ ಹಿಂದಿನವನು ಎಷ್ಟು ಕ್ರೂರಿ ಅನ್ನಿಸಿತ್ತು. ಈ ಸಲ ನಾಲ್ಕನೇ ಪುಟ ನನ್ನ ಪಕ್ಕದಲ್ಲಿ ತೆರೆದಿತ್ತು. ‘ಮುಂದೆ ಕೆಲಸಕ್ಕೆ ಬರುತ್ತೆ.’ ಆ ಕಲ್ಲಿನೊಳಗಿನ ಮನುಷ್ಯ ಮಾಡಿದ ಲೆಕ್ಕವನ್ನೇ, ಹೆಚ್ಚುಕಡಿಮೆ ಅದೇ ಮಾತಿನಲ್ಲಿ, ಇಪ್ಪತ್ತು ವರ್ಷದ ನಾನು ಮಾಡಿದ್ದೆ. ಆಟದಲ್ಲಿ ತಾನೇ, ಬರೀ ಆಟ, ಅಂತ ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಎಡಕ್ಕೆ ವಾಲಿದ ಅಕ್ಷರ ಕಣ್ಣಿಗೆ ಬಿತ್ತು. ಲ್ಯಾಪ್‌ಟಾಪ್ ಮುಚ್ಚಿ ಬಾಲ್ಕನಿಯಲ್ಲಿ ಹೋಗಿ ನಿಂತೆ. ಆ ರಾತ್ರಿ ಮತ್ತೆ ಆಡಲಿಲ್ಲ.

ಡಾಕ್‌ಕಾನ್ ಬಗ್ಗೆ ಹೇಳದೆ ಇರಲು ಆಗುವುದಿಲ್ಲ. ನಿಮ್ಮ ಜೊತೆ ನಡೆಯುವ ಹಳೆಯ ಯೋಧ. ಅವನ ಕತ್ತಿ ಅವನ ಮನಸ್ಸಿನಂತೆ ಬದಲಾಗುತ್ತದೆ. ಮನಸ್ಸು ಗಟ್ಟಿಯಿದ್ದರೆ ಅಂಚು ಹರಿತ, ಅನುಮಾನ ಹೊಕ್ಕರೆ ಮಂಕು. ಅವನ ಹತ್ತಿರ ಒಂದರೊಳಗೊಂದು ಕೂಡಿದ ಕಲ್ಲಿನ ಬಿಲ್ಲೆಗಳಿವೆ. ತಿರುಗಿಸಿದರೆ ಅವನ ಜನರ ಧರ್ಮದ ಮಾತುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಓದಿ, ಅವನ ಜೊತೆ ಕೂತು ಅರ್ಥ ಬಿಡಿಸಬೇಕು. ಅವನು ಗುರು, ನೀವು ಶಿಷ್ಯ. ಹೋಗ್ತಾ ಹೋಗ್ತಾ ಗುರುವಿಗೆ ಕಾಣದ ಅರ್ಥ ಶಿಷ್ಯನಿಗೆ ಕಾಣಲು ಶುರುವಾಗುತ್ತದೆ. ಒಂದೇ ಒಂದು ಹೊಡೆತವಿಲ್ಲದೆ ಇಬ್ಬರೂ ಬಲವಾಗುತ್ತೀರಿ. ಅವನು ನಿಮ್ಮ ಜೊತೆ ಯಾಕಿದ್ದಾನೆ ಅನ್ನುವುದಕ್ಕೆ ಒಂದು ಕಾರಣವಿದೆ. ಅದನ್ನು ನಾನು ಹೇಳುವುದಿಲ್ಲ. ತಿಳಿದ ದಿನ ನಿಮಗೆ ಅವನ ಮುಖ ನೋಡಲು ಕಷ್ಟವಾಗುತ್ತದೆ, ಇಷ್ಟು ಮಾತ್ರ ಹೇಳಬಲ್ಲೆ.

ರಾವೆಲ್‌ಗೆ ಏನು ಉತ್ತರ ಕೊಟ್ಟೆವು ಅನ್ನುವುದೂ ನೋಟ್‌ಬುಕ್‌ನಲ್ಲಿದೆ. ಒಂದೇ ಜಾಗದಲ್ಲಿ ಸೇವ್ ಮಾಡಿ ನಾನೂ ರೂಮ್‌ಮೇಟೂ ಒಂದೊಂದು ಸಲ ಆಡಿದ್ದೆವು. ನನ್ನ ಅಕ್ಷರದಲ್ಲಿ ‘ಪ್ರೀತಿ’. ಅವನ ಅಕ್ಷರದಲ್ಲಿ ‘ಪಶ್ಚಾತ್ತಾಪ’. ಅವನ ಉತ್ತರದ ಮುಂದೆ ನಾನು ‘ಮುದುಕ’ ಅಂತ ಬರೆದು ಗೇಲಿ ಮಾಡಿದ್ದೇನೆ. ಇಬ್ಬರ ಉತ್ತರಕ್ಕೂ ರಾವೆಲ್ ಒಪ್ಪಿದ್ದಳು. ಅದಕ್ಕೂ ಮೊದಲು ಬಂದ ಎಷ್ಟೋ ಜನ ಉತ್ತರ ಹೇಳಿ ಅವಳ ಕೈಯಲ್ಲಿ ಸತ್ತಿದ್ದಾರೆ. ಅವಳು ಕಾಯುತ್ತಿದ್ದದ್ದು ಸರಿಯಾದ ಉತ್ತರಕ್ಕಲ್ಲ, ನಿಮ್ಮ ಉತ್ತರಕ್ಕೆ. ಇದು ಅವತ್ತು ನನಗೆ ಮೋಸದ ಹಾಗೆ ಕಂಡಿತ್ತು. ಸರಿ ತಪ್ಪು ಇಲ್ಲದ ಪ್ರಶ್ನೆ ಯಾಕೆ ಕೇಳಬೇಕು ಅಂತ ಅವನ ಜೊತೆ ವಾದ ಮಾಡಿದ ನೆನಪಿದೆ.

ಈ ಸಲ ಪಟ್ಟಿ ಬಂದಾಗ ನಾನು ಅವನ ಉತ್ತರ ಒತ್ತಿದೆ.

ಈಗ ಆಫೀಸಿನ ಆ ಹುಡುಗಿಯ ಪ್ರಶ್ನೆಗೆ ಬರೋಣ. ಹಳೇ ನೆನಪು ಅಂತ ಇಷ್ಟಾನಾ? ಇಲ್ಲ. ನೆನಪೇ ಕಾರಣವಾಗಿದ್ದರೆ ನಾನು ಆಗ ಆಡಿದ ಬೇರೆ ಹತ್ತು ಗೇಮ್‌ಗಳೂ ಈಗ ಇಷ್ಟವಾಗಬೇಕಿತ್ತು. ಎರಡು ಮೂರನ್ನು ಹಾಕಿ ನೋಡಿದೆ, ಅರ್ಧ ಗಂಟೆಗೆ ಸಾಕಾಯಿತು. ಇದು ಉಳಿದಿರುವುದು ಬರವಣಿಗೆಯಿಂದ. ಬರವಣಿಗೆಗೆ ಗ್ರಾಫಿಕ್ಸ್‌ನ ಹಾಗೆ ವಯಸ್ಸಾಗುವುದಿಲ್ಲ. ಇವತ್ತು ಇದರ ಮಕ್ಕಳು ಮೊಮ್ಮಕ್ಕಳೂ ಇದ್ದಾರೆ. ಎಸ್ಟೋನಿಯಾದಲ್ಲಿ ಹುಟ್ಟಿದ ತಂಡವೊಂದು 2019ರಲ್ಲಿ ತಂದ ‘ಡಿಸ್ಕೋ ಎಲಿಸಿಯಂ’ ಇದೇ ದಾರಿಯಲ್ಲಿ ನಡೆದು ಹೊಡೆದಾಟವನ್ನೇ ತೆಗೆದುಹಾಕಿತು. ಅದು ಇನ್ನೂ ನಯವಾದ ಆಟ, ಒಪ್ಪುತ್ತೇನೆ. ಅದನ್ನೊಂದೇ ಆಡಿದರೆ ಸಾಲದಾ ಅಂದರೆ, ಸಾಲದು. ಸಾವಿಲ್ಲದವನು ಅನ್ನುವುದನ್ನು ಹೀಗೆ ಆಟದ ನಿಯಮಕ್ಕೇ ಹೆಣೆದದ್ದು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಎಲ್ಲಾ ಗೇಮ್‌ಗಳಲ್ಲೂ ನಾವು ಸಾಯುತ್ತೇವೆ, ಮತ್ತೆ ಎದ್ದು ಆಡುತ್ತೇವೆ, ಅದರ ಬಗ್ಗೆ ಯೋಚಿಸುವುದಿಲ್ಲ. ಇಲ್ಲಿ ನೀವು ಸತ್ತು ಎದ್ದಾಗಲೆಲ್ಲ ಅದರ ಬೆಲೆಯನ್ನು ಇನ್ನೊಬ್ಬರು ತೆರುತ್ತಾರೆ. ಯಾರು, ಹೇಗೆ ಅನ್ನುವುದು ಕೊನೆಗೆ ಗೊತ್ತಾಗುತ್ತದೆ.

ಆಡುವುದಾದರೆ 2017ರಲ್ಲಿ ಬೀಮ್‌ಡಾಗ್ ಕಂಪನಿ ತಂದ ‘ಎನ್‌ಹ್ಯಾನ್ಸ್ಡ್ ಎಡಿಷನ್’ ತೆಗೆದುಕೊಳ್ಳಿ. ಈಗಿನ ಪರದೆಗಳಿಗೆ ಸರಿಹೊಂದುತ್ತದೆ, ಅಕ್ಷರ ದೊಡ್ಡದು ಮಾಡಬಹುದು, ಫೋನ್ ಮತ್ತು ಟ್ಯಾಬ್ಲೆಟ್‌ನಲ್ಲೂ ಸಿಗುತ್ತದೆ. ಟ್ಯಾಬ್ಲೆಟ್‌ನಲ್ಲಿ ಪುಸ್ತಕದ ಹಾಗೆ ಹಿಡಿದು ಓದುವುದು ಚೆನ್ನಾಗಿರುತ್ತದೆ. ಓದುವುದೇ ಬೇಜಾರು ಅನ್ನುವವರಿಗೆ ಇದು ಬೇಡ. ಇಂಗ್ಲಿಷ್ ಕಷ್ಟ ಅನ್ನುವವರಿಗೆ ಬೇಡ ಅಂತ ಮಾತ್ರ ನಾನು ಹೇಳಲಾರೆ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ.

ನೋಟ್‌ಬುಕ್‌ನ ‘ಹುಟ್ಟುಗುಣ’ ಪುಟದ ಫೋಟೋ ತೆಗೆದು, ಹಳೆಯ ಕ್ಲಾಸ್‌ಮೇಟ್ ಒಬ್ಬನಿಂದ ನಂಬರ್ ಪಡೆದು, ಆ ರೂಮ್‌ಮೇಟ್‌ಗೆ ಕಳಿಸಿದೆ. ಕೆಳಗೆ ಇಷ್ಟುದ್ದ ಬರೆದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಬಂತು. ಪುಣೆಯಲ್ಲಿದ್ದಾನಂತೆ. ನಾನು ಬರೆದದ್ದರ ಬಗ್ಗೆ ಏನೂ ಹೇಳಿರಲಿಲ್ಲ. “ಟ್ಯಾಬ್‌ಗೆ ಹಾಕ್ಕೊಂಡೆ ಕಣೋ. ಪಾಯಿಂಟ್ಸ್ ಯಾವುದಕ್ಕೆ ಹಾಕ್ಬೇಕು, ಮರೆತೇ ಹೋಗಿದೆ” ಅಂತ ಇತ್ತು. ಶುರುವಿನಲ್ಲಿ ಪಾತ್ರದ ಗುಣಗಳಿಗೆ ಹಂಚಲು 21 ಪಾಯಿಂಟ್ ಸಿಗುತ್ತವೆ. ಬಲಕ್ಕೆ ಹಾಕಬೇಡ, ವಿವೇಕಕ್ಕೆ ಆದಷ್ಟು ಹಾಕು, ಉಳಿದದ್ದು ಬುದ್ಧಿಗೆ, ಮಾತಿನ ವರ್ಚಸ್ಸಿಗೆ, ಇಲ್ಲದಿದ್ದರೆ ಅರ್ಧ ಮಾತು ಪಟ್ಟಿಯಲ್ಲಿ ಬರುವುದೇ ಇಲ್ಲ ಅಂತ ಬರೆದೆ. ಆಮೇಲೆ ಇನ್ನೊಂದು ಸಾಲು ಸೇರಿಸಿದೆ. ಹೆಣದ ಮನೆಯಿಂದ ಬೇಗ ಹೊರಗೆ ಹೋಗಬೇಡ. ಅಲ್ಲಿ ಡಾಲ್ ಅಂತ ಒಬ್ಬ ಮುದುಕ ಗುಮಾಸ್ತ ದಪ್ಪ ಪುಸ್ತಕದ ಮುಂದೆ ಕೂತು, ಬಂದ ಹೆಣಗಳ ಲೆಕ್ಕ ಬರೆಯುತ್ತಿರುತ್ತಾನೆ. ನೀನು ಎಷ್ಟು ಸಲ ಬಂದಿದ್ದೀಯ, ನಿನ್ನ ಜೊತೆ ಬಂದವರು ಏನಾದರು ಅಂತ ಅವನಿಗೆ ಗೊತ್ತು. ತುಂಬಾ ಕೆಮ್ಮುತ್ತಾನೆ, ಮಾತು ಮುಗಿಸಲು ಹೊತ್ತಾಗುತ್ತದೆ. ಅವನು ಹೇಳುವುದನ್ನು ಪೂರ್ತಿ ಕೇಳು.